ಕರೆಂಟು ಹರಿಯುವಾಗ ಅಳೆಯಿರಿ: ಹಳೆ ಕಾರಿನ ಎಲೆಕ್ಟ್ರಿಕಲ್ ತೊಂದರೆ ಹುಡುಕುವ ಬಗೆ

ಹಳೆ ಕಾರಿನ ಎಲೆಕ್ಟ್ರಿಕಲ್ ರಿಪೇರಿಯಲ್ಲಿ ದುಡ್ಡು ಪೋಲಾಗುವುದಕ್ಕೂ ಒಂದು ಕ್ರಮ ಇದೆ. ಬೆಳಿಗ್ಗೆ ಸೆಲ್ಫ್ ಎಳೆಯುವುದಿಲ್ಲ; ಮೊದಲು ಬ್ಯಾಟರಿ ಬದಲಾಗುತ್ತದೆ. ಹೊಸ ಬ್ಯಾಟರಿಗೆ ತಾಕತ್ತು ಜಾಸ್ತಿ ಇರುವುದರಿಂದ ಕೆಲವು ದಿನ ಕಾರು ಚೆನ್ನಾಗಿಯೇ ಇರುತ್ತದೆ. ಆಮೇಲೆ ಮತ್ತೆ ಅದೇ ರಾಗ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚುತ್ತಾರೆ, ಅದೂ ಆದ ಮೇಲೆ ಸೆಲ್ಫ್ ಮೋಟರಿಗೆ ಕೈ ಹಾಕುತ್ತಾರೆ. ಕೊನೆಗೆ ನೋಡಿದರೆ ಗೇರ್‌ಬಾಕ್ಸಿನ ಪಕ್ಕದಲ್ಲಿ ಅರ್ತ್ ಪಟ್ಟಿಯ (ಎಂಜಿನ್ನನ್ನು ಬಾಡಿಗೆ ಜೋಡಿಸಿ ಕರೆಂಟು ಬ್ಯಾಟರಿಗೆ ಮರಳಲು ದಾರಿ ಕೊಡುವ ಪಟ್ಟಿ) ಒಂದು ಬೋಲ್ಟು ತುಕ್ಕು ಹಿಡಿದಿರುತ್ತದೆ. ಮರಳು ಕಾಗದಕ್ಕೆ ಹತ್ತು ರೂಪಾಯಿ ಸಾಕಿದ್ದ ಕೆಲಸ ಅದು.

ಇವತ್ತಿನ ಮಾತು ಕಾರ್ಬುರೇಟರ್ ಕಾಲದ ಕಾರುಗಳ ಬಗ್ಗೆ: ಫಿಯಟ್ ಪದ್ಮಿನಿ, ಅಂಬಾಸಿಡರ್, ಆಮ್ನಿ, ಹಳೆಯ ಮಾರುತಿ 800. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಹಾಗಾಗಿ ನಮ್ಮ ಊರುಗಳಲ್ಲಿ ಇನ್ನೂ ಓಡಾಡುವ ಹಳೆ ಕಾರು ಅಂದರೆ ಬಹುಪಾಲು ಇದೇ. ಇವುಗಳಲ್ಲಿ ಸ್ಕ್ಯಾನರ್ ಚುಚ್ಚಿ ಕೋಡ್ ಓದುವ ಪ್ರಶ್ನೆಯೇ ಇಲ್ಲ. ಮೀಟರ್ ಹಿಡಿದು ನಾವೇ ಹುಡುಕಬೇಕು.

ಮೊದಲು ಮೀಟರ್ ನಮ್ಮನ್ನು ಹೇಗೆ ದಾರಿ ತಪ್ಪಿಸುತ್ತದೆ ಅಂತ ನೋಡೋಣ. ಹೆಡ್‌ಲೈಟ್ ಮಂಕಾಗಿದೆ. ಬಲ್ಬಿನ ಕನೆಕ್ಟರ್ ಕಿತ್ತು, ಒಳಗೆ ಮೀಟರ್ ಕಡ್ಡಿ ಇಟ್ಟರೆ 12.5 ವೋಲ್ಟ್ ತೋರಿಸುತ್ತದೆ. ‘ಕರೆಂಟು ಸರಿಯಾಗಿ ಬರ್ತಿದೆ, ಬಲ್ಬೇ ಹೋಗಿದೆ’ ಅಂತ ತೀರ್ಮಾನ ಆಗುತ್ತದೆ. ಈ ತೀರ್ಮಾನ ತಪ್ಪು. ಡಿಜಿಟಲ್ ಮೀಟರಿನ ಒಳ ಪ್ರತಿರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್; ಅಳೆಯುವಾಗ ಅದರ ಮೂಲಕ ಹರಿಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ದಾರಿಯಲ್ಲಿ ಎಲ್ಲೋ ಕಿಲುಬು ಹಿಡಿದು ಒಂದು ಲಕ್ಷ ಓಮ್ ಅಡ್ಡ ನಿಂತಿದ್ದರೂ ಮೀಟರ್ 12.6ರ ಬದಲು 12.5 ತೋರಿಸುತ್ತದೆ, ಅಷ್ಟೇ ವ್ಯತ್ಯಾಸ. ಬಲ್ಬಿನ ಕಥೆ ಬೇರೆ. 55 ವ್ಯಾಟಿನ ಬಲ್ಬ್ ನಾಲ್ಕೂವರೆ ಆಂಪಿಯರ್ ಕೇಳುತ್ತದೆ. ಅದರ ದಾರಿಯಲ್ಲಿ ಬರೀ ಒಂದು ಓಮ್ ಕೂತರೂ ಬಲ್ಬಿಗೆ ಸಿಗುವುದು 9 ವೋಲ್ಟಿನ ಆಸುಪಾಸು. ಬೆಳಕು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಆದ್ದರಿಂದ ಕನೆಕ್ಟರ್ ಕಿತ್ತು ಅಳೆಯಬೇಡಿ. ಬಲ್ಬ್ ಉರಿಯುತ್ತಿರಲಿ, ಸೆಲ್ಫ್ ತಿರುಗುತ್ತಿರಲಿ, ಬ್ಲೋವರ್ ಓಡುತ್ತಿರಲಿ. ಕರೆಂಟು ಹರಿಯುವಾಗಲೇ ಕನೆಕ್ಟರಿನ ಹಿಂಬದಿಯಿಂದ ಕಡ್ಡಿ ತಾಗಿಸಿ ಅಳೆಯಿರಿ. ಮುಂದೆ ಹೇಳುವ ಹೆಚ್ಚಿನ ಪರೀಕ್ಷೆಗಳು ಇದರ ಮೇಲೇ ನಿಂತಿವೆ.

ಸಾಮಾನು ಹೆಚ್ಚೇನೂ ಬೇಡ. ಒಂದು ಡಿಜಿಟಲ್ ಮಲ್ಟಿಮೀಟರ್, ಇಂಥ ಸಾಮಾನು ಸಿಗುವ ಎಸ್.ಪಿ. ರಸ್ತೆಯನ್ನು ಬೆಂಗಳೂರಿನವರಿಗೆ ಹೇಳಿಕೊಡಬೇಕಿಲ್ಲ. ಒಂದು ಟೆಸ್ಟ್ ಲ್ಯಾಂಪ್: ಇಂಡಿಕೇಟರಿನ 21 ವ್ಯಾಟ್ ಬಲ್ಬ್, ಹೋಲ್ಡರ್, ಎರಡು ಉದ್ದ ವೈರು, ತುದಿಗೆ ಮೊಸಳೆ ಕ್ಲಿಪ್. ಎಲ್‌ಇಡಿ ಇರುವ ಟೆಸ್ಟರ್ ಈ ಕೆಲಸಕ್ಕೆ ಆಗುವುದಿಲ್ಲ, ಅದೂ ಮೀಟರಿನ ಹಾಗೆ ಕರೆಂಟು ಎಳೆಯದೆ ಮೋಸ ಮಾಡುತ್ತದೆ. 21 ವ್ಯಾಟ್ ಬಲ್ಬ್ ಒಂದೂಮುಕ್ಕಾಲು ಆಂಪಿಯರ್ ಎಳೆಯುವುದರಿಂದ ಸೋತ ವೈರು ಅಲ್ಲೇ ಸಿಕ್ಕಿಬೀಳುತ್ತದೆ. ಮೂರನೆಯದು, ಮಧ್ಯೆ 10 ಆಂಪಿಯರ್ ಫ್ಯೂಸ್ ಇರುವ ಒಂದು ಜಂಪರ್ ವೈರು. ಫ್ಯೂಸ್ ಇಲ್ಲದ ಜಂಪರ್ ಹಿಡಿದು ಹಾರ್ನೆಸ್ (ಗಾಡಿಯ ವೈರುಗಳ ಕಟ್ಟು) ಹತ್ತಿರ ಹೋಗಲೇಬೇಡಿ. ಕೈಯಲ್ಲಿ ಉಂಗುರ, ಲೋಹದ ಪಟ್ಟಿಯ ವಾಚು ಇದ್ದರೆ ಮೊದಲು ಬಿಚ್ಚಿಡಿ. ಸ್ಪ್ಯಾನರ್ ಮತ್ತು ಬಾಡಿ ನಡುವೆ ಉಂಗುರ ಸಿಕ್ಕಿದರೆ ಚರ್ಮ ಸುಡುವುದಕ್ಕೆ ಒಂದು ಕ್ಷಣ ಸಾಕು.

ಎಲ್ಲಕ್ಕೂ ಮೊದಲು ಬ್ಯಾಟರಿ, ಯಾಕೆಂದರೆ ಅದು ಸೋತಿದ್ದರೆ ಉಳಿದ ಯಾವ ಅಳತೆಗೂ ಅರ್ಥ ಇಲ್ಲ. ಗಾಡಿ ಓಡಿಸಿ ಬಂದ ತಕ್ಷಣ ಅಳೆದರೆ 13ರ ಹತ್ತಿರ ತೋರಿಸಬಹುದು. ಅದು ಮೇಲ್ಮೈಯ ಚಾರ್ಜು ಅಷ್ಟೇ. ಎರಡು ನಿಮಿಷ ಹೆಡ್‌ಲೈಟ್ ಉರಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. 12.6 ಅಂದರೆ ತುಂಬಿದೆ, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜಿಗೆ ಹಾಕಿ, ಉಳಿದ ಪರೀಕ್ಷೆ ನಾಳೆಗಿರಲಿ. ತುಂಬಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ತಟ್ಟನೆ 7, 8ಕ್ಕೆ ಕುಸಿದರೆ ಸಾಮಾನ್ಯವಾಗಿ ಬ್ಯಾಟರಿಯೇ ಹೋಗಿದೆ. ಅದಕ್ಕೆ ವಿರುದ್ಧವಾಗಿ ಸೆಲ್ಫ್ ನಿಧಾನವಾಗಿ ತಿರುಗುತ್ತಿದೆ, ಬ್ಯಾಟರಿ ಮಾತ್ರ 11.5ರಲ್ಲಿ ಆರಾಮಾಗಿ ಕೂತಿದೆ ಅಂದರೆ ಬ್ಯಾಟರಿಯ ತಪ್ಪಿಲ್ಲ. ಕರೆಂಟು ಹೊರಗೆ ಹೋಗುವುದಕ್ಕೆ ದಾರಿ ಸಿಗುತ್ತಿಲ್ಲ.

ಆ ದಾರಿ ಹುಡುಕುವುದು ಹೇಗೆ? ಚಿಕ್ಕ ಕಾರಿನ ಸೆಲ್ಫ್ ಕೂಡ ನೂರು ಆಂಪಿಯರಿನ ಲೆಕ್ಕದಲ್ಲಿ ಎಳೆಯುತ್ತದೆ. ನೂರು ಆಂಪಿಯರ್ ಹರಿಯುವ ಕಡೆ 0.01 ಓಮ್ ಪ್ರತಿರೋಧ ಇದ್ದರೆ ಅಲ್ಲೇ ಒಂದು ವೋಲ್ಟ್ ಹೋಯಿತು. ಈ 0.01 ಓಮ್ ಅನ್ನು ನಿಮ್ಮ ಮೀಟರಿನ ಓಮ್ ಸ್ಕೇಲಿನಲ್ಲಿ ಕಾಣಲು ಸಾಧ್ಯವೇ ಇಲ್ಲ. ಅದರ ಕಡ್ಡಿಗಳ ವೈರೇ ಅದಕ್ಕಿಂತ ಹೆಚ್ಚು ತೋರಿಸುತ್ತದೆ. ‘ಕಂಟಿನ್ಯೂಟಿ ಇದೆ, ಬೀಪ್ ಬಂತು’ ಅನ್ನುವ ಮಾತಿಗೆ ಬ್ಯಾಟರಿ ಕೇಬಲ್ ವಿಷಯದಲ್ಲಿ ಬೆಲೆ ಇಲ್ಲದಿರುವುದು ಇದಕ್ಕೇ. ವೋಲ್ಟೇಜ್ ಡ್ರಾಪ್, ಅಂದರೆ ಕರೆಂಟು ಹರಿಯುವಾಗ ದಾರಿಯ ಎರಡು ತುದಿಗಳ ನಡುವೆ ಕಳೆದುಹೋಗುವ ವೋಲ್ಟೇಜ್, ಅಳೆದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಮಾಡುವ ಕ್ರಮ ಹೀಗೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಇಗ್ನಿಷನ್ ಕಾಯಿಲಿನ ಪ್ಲಸ್ ಕಡೆಯ ಸಣ್ಣ ವೈರು ಕಿತ್ತಿಡಿ, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಪ್ಲಗ್ಗಿನ ಕಡೆ ಹೋಗುವ ದಪ್ಪ ವೈರು ಕಿತ್ತು ಗಾಳಿಯಲ್ಲಿ ತೂಗಾಡಿಸಬೇಡಿ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ಮಾಡ್ಯೂಲ್ ಸುಟ್ಟೀತು. ಇನ್ನೊಬ್ಬರು ಕೀ ತಿರುಗಿಸಲಿ, ಒಂದು ಸಲಕ್ಕೆ ಐದು ಸೆಕೆಂಡು ಸಾಕು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಇನ್ನೊಂದು ಸೆಲ್ಫ್ ಮೋಟರಿನ ದಪ್ಪ ಕೇಬಲ್ ಕೂರುವ ಬೋಲ್ಟಿನ ಮೇಲೆ. ಕಂಬ ಅಂದರೆ ಸೀಸದ ಕಂಬವೇ, ಕ್ಲ್ಯಾಂಪ್ ಅಲ್ಲ. ಸೆಲ್ಫ್ ತಿರುಗುವಾಗ ಅರ್ಧ ವೋಲ್ಟಿನ ಒಳಗೆ ತೋರಿಸಿದರೆ ಪ್ಲಸ್ ದಾರಿ ಸರಿ. ಆಮೇಲೆ ಒಂದು ಕಡ್ಡಿ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ. ಇಲ್ಲಿ 0.2 ಅಥವಾ 0.3 ದಾಟಬಾರದು. ದಾಟಿದರೆ ಕಡ್ಡಿಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂದೆ ತನ್ನಿ: ಎಂಜಿನ್ನಿನಿಂದ ಅರ್ತ್ ಪಟ್ಟಿಯ ಲಗ್ಗಿಗೆ (ಬೋಲ್ಟು ಕೂರುವ ತುದಿಗೆ), ಅಲ್ಲಿಂದ ಬಾಡಿಗೆ, ಅಲ್ಲಿಂದ ಕ್ಲ್ಯಾಂಪಿಗೆ, ಕೊನೆಗೆ ಕಂಬಕ್ಕೆ. ಯಾವ ಹೆಜ್ಜೆಯಲ್ಲಿ ಅಂಕಿ ಧಡಕ್ಕನೆ ಇಳಿಯಿತೋ ರೋಗ ಅಲ್ಲೇ. ಕಂಬಕ್ಕೂ ಕ್ಲ್ಯಾಂಪಿಗೂ ನಡುವೆಯೇ ಅರ್ಧ ವೋಲ್ಟ್ ಸಿಗುವುದು ಎಷ್ಟು ಸಾಮಾನ್ಯ ಅಂದರೆ, ಮೊದಲು ಅಲ್ಲೇ ನೋಡಿದರೂ ತಪ್ಪಿಲ್ಲ.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ ಅನ್ನುವುದನ್ನು ನಾವು ಮರೆಯುತ್ತೇವೆ. ಬಾಡಿಗೂ ಎಂಜಿನ್ನಿಗೂ ಮಧ್ಯೆ ಕರೆಂಟಿಗೆ ಇರುವ ಸರಿಯಾದ ದಾರಿ ಅಂದರೆ ಆ ಅರ್ತ್ ಕೇಬಲ್ ಅಥವಾ ಹೆಣೆದ ತಾಮ್ರದ ಪಟ್ಟಿ. ಅದು ಸಡಿಲವಾದರೆ ಸೆಲ್ಫಿನ ಕರೆಂಟು ಸುಮ್ಮನೆ ಕೂರುವುದಿಲ್ಲ, ಬೇರೆ ದಾರಿ ಹಿಡಿಯುತ್ತದೆ. ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್ ಎಲ್ಲವೂ ಒಳಗೆ ಉಕ್ಕಿನ ತಂತಿಗಳೇ, ಎಂಜಿನ್ನಿನಿಂದ ಬಾಡಿಗೆ ಬಂದಿರುವಂಥವೇ. ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಮುಟ್ಟಿ ನೋಡಿ: ಬೆಚ್ಚಗಿದ್ದರೆ, ಇಲ್ಲವೇ ಒಳಗಿನ ಪ್ಲಾಸ್ಟಿಕ್ ಕರಗಿ ಕೇಬಲ್ ಬಿಗಿಯಾಗಿದ್ದರೆ, ಎಂಜಿನ್ ಅರ್ತ್ ಹೋಗಿದೆ ಅಂತ ಖಾತ್ರಿ. ಆಕ್ಸಿಲರೇಟರ್ ಕೇಬಲ್ ಪದೇ ಪದೇ ಹಿಡಿದುಕೊಳ್ಳುತ್ತದೆ ಅಂತ ಹೊಸದು ಹಾಕಿಸುತ್ತಲೇ ಇರುವವರು ಇದನ್ನು ಮೊದಲು ನೋಡಬೇಕು. ತಾತ್ಕಾಲಿಕ ಪರೀಕ್ಷೆ ಸುಲಭ: ಜಂಪ್ ಸ್ಟಾರ್ಟ್ ಕೇಬಲಿನ ಒಂದು ಎಳೆಯನ್ನು ಬ್ಯಾಟರಿ ಮೈನಸ್‌ನಿಂದ ನೇರ ಎಂಜಿನ್ ಲೋಹಕ್ಕೆ ಹಾಕಿ ಸೆಲ್ಫ್ ಹೊಡೆಯಿರಿ. ಗರಗರ ತಿರುಗಿದರೆ ಉತ್ತರ ಸಿಕ್ಕಿತು.

ಕೀ ತಿರುಗಿಸಿದಾಗ ಬರೀ ‘ಟಕ್’ ಅಂದು ನಿಂತರೆ, ಅಥವಾ ಅದೂ ಇಲ್ಲದಿದ್ದರೆ, ಸೆಲ್ಫ್ ಮೋಟರಿಗೆ ಕರೆಂಟು ಜೋಡಿಸುವ ಸೊಲೆನಾಯ್ಡಿಗೆ ಬರುವ ಸಣ್ಣ ವೈರನ್ನು ನೋಡಿ. ಕೀ ತಿರುಗಿಸಿ ಹಿಡಿದಾಗ ಅಲ್ಲಿ ಬ್ಯಾಟರಿಯ ಆ ಹೊತ್ತಿನ ವೋಲ್ಟೇಜಿನ ಹತ್ತಿರ ಇರಬೇಕು. ಬ್ಯಾಟರಿ 12 ಅನ್ನುವಾಗ ಇಲ್ಲಿ 8 ಬಂದರೆ ಇಗ್ನಿಷನ್ ಸ್ವಿಚ್ಚಿನ ಪಾಯಿಂಟ್ ಸವೆದಿದೆ. ಆ ವೈರಿಗೆ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು) ಕೂರಿಸಿದರೆ ಸ್ವಿಚ್ಚಿನ ಹೊರೆಯೂ ತಗ್ಗುತ್ತದೆ.

ಈಗ ಚಾರ್ಜಿಂಗ್. ಒಂದು ಹಳೆ ಪರೀಕ್ಷೆ ಇನ್ನೂ ಚಾಲ್ತಿಯಲ್ಲಿದೆ: ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, ಗಾಡಿ ನಿಲ್ಲದಿದ್ದರೆ ‘ಆಲ್ಟರ್ನೇಟರ್ ಸರಿ’ ಅನ್ನುವುದು. ಆಲ್ಟರ್ನೇಟರಿಗಿಂತ ಮೊದಲು ಇದ್ದ ಡೈನಮೋ ಕಾಲದಿಂದ ಬಂದ ಅಭ್ಯಾಸ ಅದು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಅದರ ಎಸಿಯನ್ನು ಡಿಸಿ ಮಾಡುವ ಡಯೋಡ್, ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್, ಸ್ಟೀರಿಯೋ ಯಾವುದು ಬೇಕಾದರೂ ಸುಡಬಹುದು. ಯಾರಾದರೂ ನಿಮ್ಮ ಗಾಡಿಗೆ ಹಾಗೆ ಮಾಡಲು ಹೊರಟರೆ ಕೈ ಹಿಡಿದು ನಿಲ್ಲಿಸಿ.

ಎಂಜಿನ್ನನ್ನು 2000 ಆರ್‌ಪಿಎಂ ಸುಮಾರಿಗೆ ಹಿಡಿದು ಬ್ಯಾಟರಿಯ ಮೇಲೆ ಅಳೆಯಿರಿ. 13.8ರಿಂದ 14.7ರ ಒಳಗೆ ಇರಬೇಕು. ಆಮೇಲೆ ಹೆಡ್‌ಲೈಟ್, ಬ್ಲೋವರ್ ಹಾಕಿ, 13.5ಕ್ಕಿಂತ ಕೆಳಗೆ ಹೋಗಬಾರದು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಅಥವಾ ಅದಕ್ಕೆ ವೋಲ್ಟೇಜ್ ತಿಳಿಸುವ ವೈರೋ ಅದರ ಅರ್ತೋ ಸರಿಯಿಲ್ಲ. ಬ್ಯಾಟರಿ ನೀರು ಬೇಗ ಬತ್ತುವುದು, ಬಲ್ಬುಗಳು ಪದೇ ಪದೇ ಹೋಗುವುದು ಇದರ ಗುರುತು. ಕಡಿಮೆ ಇದ್ದರೆ ಆಲ್ಟರ್ನೇಟರ್ ಬಿಚ್ಚುವ ಮೊದಲು ಮೂರು ಕಡೆ ನೋಡಿ. ಬೆಲ್ಟ್ ಜಾರುತ್ತಿದೆಯೇ? ಎಂಜಿನ್ ಆಫ್ ಇದ್ದು ಕೀ ಆನ್ ಮಾಡಿದಾಗ ಡ್ಯಾಶಿನಲ್ಲಿ ಬ್ಯಾಟರಿ ದೀಪ ಉರಿಯುತ್ತದೆಯೇ? ಹಲವು ಗಾಡಿಗಳಲ್ಲಿ ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಮೊದಲ ಕರೆಂಟು ಹೋಗುವುದೇ ಆ ಪುಟ್ಟ ಬಲ್ಬಿನ ಮೂಲಕ. ಬಲ್ಬ್ ಹೋದರೆ ಚಾರ್ಜೂ ಹೋಯಿತು. ಮೂರನೆಯದು, ದೀಪ, ಬ್ಲೋವರ್ ಹಾಕಿರುವಾಗಲೇ ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿನಿಂದ ಬ್ಯಾಟರಿ ಪ್ಲಸ್‌ವರೆಗೆ ಡ್ರಾಪ್ ಎಷ್ಟು? 0.3ರೊಳಗೆ ಇರಲಿ.

ಡಯೋಡ್ ಹೋಗಿದೆಯೇ ಅಂತ ನೋಡಲು ಮೀಟರನ್ನು ಎಸಿ ವೋಲ್ಟಿಗೆ ಹಾಕಿ, ಗಾಡಿ ಓಡುವಾಗ ಬ್ಯಾಟರಿಯ ಮೇಲೆ ಅಳೆಯಬಹುದು. ಅರ್ಧ ವೋಲ್ಟಿಗಿಂತ ಹೆಚ್ಚು ಎಸಿ ಕಂಡರೆ ಅನುಮಾನ ಸರಿ. ಇಲ್ಲೊಂದು ಉಪಕಥೆ: ಅಗ್ಗದ ಹಳದಿ ಮೀಟರುಗಳಲ್ಲಿ ಎಸಿ ಸ್ಕೇಲಿಗೆ ಡಿಸಿ ಕೊಟ್ಟರೂ 25, 26 ಅಂತ ಏನೋ ತೋರಿಸುತ್ತವೆ, ಕಡ್ಡಿ ಅದಲುಬದಲು ಮಾಡಿದರೆ ಸೊನ್ನೆ. ನಿಮ್ಮ ಮೀಟರ್ ಹಾಗಿದ್ದರೆ ಎಂಜಿನ್ ಆಫ್ ಇರುವಾಗಲೇ ಗೊತ್ತಾಗುತ್ತದೆ. ಅಂಥ ಮೀಟರನ್ನು ಈ ಪರೀಕ್ಷೆಗೆ ನಂಬಬೇಡಿ.

ಡೈನಮೋ ಇರುವ ತೀರಾ ಹಳೆಯ ಅಂಬಾಸಿಡರ್, ಫಿಯಟ್ ಇಟ್ಟುಕೊಂಡವರಿಗೆ ಒಂದು ಮಾತು: ಐಡಲಿನಲ್ಲಿ ಡೈನಮೋ ಚಾರ್ಜ್ ಮಾಡದಿರುವುದು ರೋಗವಲ್ಲ, ಅದರ ಸ್ವಭಾವ. ಟ್ರಾಫಿಕ್ಕಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು ನಿಂತರೆ ಬ್ಯಾಟರಿ ಇಳಿಯುತ್ತದೆ.

ಹೆಡ್‌ಲೈಟಿಗೆ ಬರೋಣ. ವೋಲ್ಟೇಜ್ ಹತ್ತು ಪರ್ಸೆಂಟ್ ಕಡಿಮೆಯಾದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಕಡಿಮೆಯಾಗುತ್ತದೆ. ಜನ ಮಾಡುವುದು ಏನು? 60/55 ವ್ಯಾಟಿನ (ಹೈ ಬೀಮ್/ಲೋ ಬೀಮ್) ಬಲ್ಬ್ ತೆಗೆದು 100/90 ಬಲ್ಬ್ ಹಾಕುವುದು. ಒಂದು ಜೋಡಿ 60 ವ್ಯಾಟ್ ಬಲ್ಬ್ 10 ಆಂಪಿಯರ್ ಎಳೆದರೆ ಒಂದು ಜೋಡಿ 100 ವ್ಯಾಟ್ ಹದಿನಾರು ದಾಟುತ್ತದೆ. ಈ ಕರೆಂಟು ಸ್ಟೀರಿಂಗ್ ಪಕ್ಕದ ಸಣ್ಣ ಸ್ವಿಚ್ಚಿನ ಒಳಗಿಂದಲೇ ಹೋಗಿ ಬರುವ ಗಾಡಿಗಳಲ್ಲಿ ಡ್ರಾಪ್ ಇನ್ನೂ ಹೆಚ್ಚುತ್ತದೆ, ಸ್ವಿಚ್ಚು ಕರಗುತ್ತದೆ. ಮೊದಲಿನ ಬಲ್ಬೇ ಇರಲಿ. ಬಲ್ಬ್ ಉರಿಯುವಾಗ ಬ್ಯಾಟರಿ ಪ್ಲಸ್‌ನಿಂದ ಬಲ್ಬಿನ ಪ್ಲಸ್‌ವರೆಗೆ, ಬಲ್ಬಿನ ಅರ್ತ್‌ನಿಂದ ಬ್ಯಾಟರಿ ಮೈನಸ್‌ವರೆಗೆ ಬೇರೆ ಬೇರೆಯಾಗಿ ಅಳೆಯಿರಿ. ಎರಡೂ ಸೇರಿ ಅರ್ಧ ವೋಲ್ಟಿನ ಒಳಗಿದ್ದರೆ ಉತ್ತಮ; ಒಂದೂವರೆ, ಎರಡು ಬಂದರೆ ರಿಲೇ ಹಾಕುವ ಸಮಯ. ರಿಲೇಯ 30ನೇ ಟರ್ಮಿನಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ 2.5 ಚದರ ಮಿಲಿಮೀಟರ್ ವೈರು, 87ರಿಂದ ಬಲ್ಬಿಗೆ, 86ಕ್ಕೆ ಹಳೆ ಹೆಡ್‌ಲೈಟ್ ವೈರಿನ ಸಿಗ್ನಲ್, 85 ಅರ್ತ್‌ಗೆ. ಹೈ ಬೀಮಿಗೆ ಒಂದು, ಲೋ ಬೀಮಿಗೆ ಒಂದು. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಬೇಕು. ನಿಮ್ಮ ಗಾಡಿಯಲ್ಲಿ ಸ್ವಿಚ್ಚು ಅರ್ತ್ ಕಡೆಯನ್ನು ಕತ್ತರಿಸುವ ಬಗೆಯದಾದರೆ ಈ ಜೋಡಣೆ ಬದಲಾಗುತ್ತದೆ. ಮೊದಲು ಟೆಸ್ಟ್ ಲ್ಯಾಂಪಿನಿಂದ ಅದನ್ನು ಖಚಿತ ಮಾಡಿಕೊಳ್ಳಿ.

ಹಿಂದಿನ ದೀಪಗಳದ್ದು ಇನ್ನೊಂದು ಬಗೆಯ ಆಟ. ಬ್ರೇಕ್ ಒತ್ತಿದರೆ ಟೈಲ್ ಲ್ಯಾಂಪ್ ಮಂಕಾಗುತ್ತದೆ, ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಜೊತೆಗೆ ಮಿಣುಕುತ್ತದೆ. ನೋಡಿದವರಿಗೆ ವೈರಿಂಗ್ ಪೂರ್ತಿ ಕಲಸಿದೆ ಅನ್ನಿಸುತ್ತದೆ. ಅಸಲಿಗೆ ಆ ಡೂಮಿನ (ದೀಪದ ಗೂಡಿನ) ಅರ್ತ್ ಒಂದು ಹೋಗಿದೆ. 21 ವ್ಯಾಟಿನ ತಂತುವಿನಿಂದ ಹೊರಬಿದ್ದ ಕರೆಂಟಿಗೆ ಬಾಡಿ ಸೇರಲು ದಾರಿ ಇಲ್ಲ. ಅದೇ ಬಲ್ಬಿನ 5 ವ್ಯಾಟಿನ ತಂತುವಿನ ಒಳಗೆ ಹಿಮ್ಮುಖವಾಗಿ ಹೊಕ್ಕು, ಟೈಲ್ ವೈರು ಹಿಡಿದು, ಎದುರು ಬದಿಯ ದೀಪದ ಅರ್ತ್ ಮೂಲಕ ಹೊರಗೆ ಹೋಗುತ್ತದೆ. ಡೂಮಿನ ಅರ್ತ್ ಪಟ್ಟಿಯಿಂದ ಬಾಡಿಗೆ ಜಂಪರ್ ಮುಟ್ಟಿಸಿ. ಎಲ್ಲ ತಾನಾಗಿ ಸರಿಯಾದರೆ ಪಟ್ಟಿ, ಸ್ಕ್ರೂ, ಹೋಲ್ಡರ್ ಉಜ್ಜಿದರೆ ಕೆಲಸ ಮುಗಿಯಿತು.

ಪೆಟ್ರೋಲ್ ಮುಳ್ಳಿಗೂ ಇದೇ ತರ್ಕ. ಪೆಟ್ರೋಲ್, ಟೆಂಪರೇಚರ್ ಎರಡೂ ಮುಳ್ಳು ಒಟ್ಟಿಗೆ ತಪ್ಪು ತೋರಿಸಿದರೆ ಎರಡಕ್ಕೂ ಸೇರಿದ ಫೀಡನ್ನು (ಕರೆಂಟು ತರುವ ವೈರನ್ನು) ನೋಡಿ. ಒಂದೇ ಆದರೆ ಆ ಕಡೆಯ ಸೆಂಡರ್ (ಮುಳ್ಳಿಗೆ ಅಳತೆ ಕಳಿಸುವ ಭಾಗ), ಅದರ ವೈರು, ಅದರ ಅರ್ತ್.

ಫ್ಯೂಸ್ ಹಾರುತ್ತಲೇ ಇದ್ದರೆ ಮೊದಲು ಹಾರಿದ ಫ್ಯೂಸನ್ನೇ ನೋಡಿ. ಗಾಜಿನ ಒಳಗೆ ಕಪ್ಪು, ಬೆಳ್ಳಿಯ ಹುಡಿ ಎರಚಿದ ಹಾಗಿದ್ದರೆ ನೇರ ಶಾರ್ಟ್. ತಂತಿ ಮಧ್ಯದಲ್ಲಿ ನೀಟಾಗಿ ತುಂಡಾಗಿದ್ದರೆ ಹೊರೆ ಸ್ವಲ್ಪ ಹೆಚ್ಚಾಗಿತ್ತು, ಅಥವಾ ಫ್ಯೂಸಿನ ಕ್ಲಿಪ್ಪೇ ಸಡಿಲವಾಗಿ ಬಿಸಿಯಾಗಿತ್ತು. ಪದ್ಮಿನಿಯಲ್ಲಿ ಬರುವ ಪಿಂಗಾಣಿ ಫ್ಯೂಸುಗಳ ತುದಿ ಕಪ್ಪಾದರೆ ಫ್ಯೂಸ್ ಸರಿಯಿದ್ದೂ ಕರೆಂಟು ಹೋಗುವುದಿಲ್ಲ. ಬೆರಳಿನಲ್ಲಿ ತಿರುಗಿಸಿದಾಗ ದೀಪ ಬಂದರೆ ಇದೇ ಕಾರಣ.

ಹೊಸ ಫ್ಯೂಸ್ ಮೇಲೆ ಹೊಸ ಫ್ಯೂಸ್ ಸುಡಬೇಡಿ. ಫ್ಯೂಸ್ ತೆಗೆದು ಆ ಎರಡು ಕ್ಲಿಪ್ಪಿಗೆ 21 ವ್ಯಾಟ್ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ. ಶಾರ್ಟ್ ಇರುವವರೆಗೂ ಅದು ಪೂರ್ತಿ ಉರಿಯುತ್ತದೆ, ಬಲ್ಬೇ ಕರೆಂಟನ್ನು ಹಿಡಿದಿಡುವುದರಿಂದ ವೈರು ಸುಡುವುದಿಲ್ಲ. ಈಗ ಆ ಸರ್ಕ್ಯೂಟಿನ ಕನೆಕ್ಟರುಗಳನ್ನು ಒಂದೊಂದಾಗಿ ಕಿತ್ತು, ವೈರುಗಳನ್ನು ಅಲುಗಾಡಿಸುತ್ತಾ ಬನ್ನಿ. ಬಲ್ಬ್ ಆರಿದ ಜಾಗದಲ್ಲಿ ಹುಡುಕಿ. ಬಾಗಿಲಿನ ರಬ್ಬರ್ ನಳಿಕೆ, ಡಿಕ್ಕಿ ಬಾಗಿಲಿನ ಕೀಲು, ಸೀಟಿನ ಕೆಳಗಿನ ಕಾರ್ಪೆಟ್, ಬಾನೆಟ್ಟಿನೊಳಗೆ ಇಲಿ ಕೂರುವ ಮೂಲೆ: ಹೆಚ್ಚಿನ ಸಲ ಇವುಗಳಲ್ಲೇ ಒಂದು. ಡಿಕ್ಕಿ ಕೀಲಿನಲ್ಲಿ ವೈರು ಹೊರಗಿಂದ ಸರಿಯಾಗಿ ಕಂಡರೂ ಒಳಗೆ ತಾಮ್ರ ತುಂಡಾಗಿರುತ್ತದೆ. ಮೆಲ್ಲಗೆ ಎಳೆದು ನೋಡಿ, ತಾಮ್ರ ಇಲ್ಲದ ಜಾಗದಲ್ಲಿ ಮೇಲಿನ ಪಿವಿಸಿ ಮಾತ್ರ ಹಿಗ್ಗುತ್ತದೆ.

ಬಣ್ಣ ನೋಡಿ ವೈರು ಗುರುತಿಸುವುದರಲ್ಲೂ ಅಪಾಯ ಇದೆ. ಬ್ರಿಟಿಷ್ ಲೂಕಸ್ ಪದ್ಧತಿಯಲ್ಲಿ ಕಂದು ಅಂದರೆ ಬ್ಯಾಟರಿಯಿಂದ ನೇರ ಬಂದದ್ದು. ಜರ್ಮನ್ ಪದ್ಧತಿಯಲ್ಲಿ ಕಂದು ಅಂದರೆ ಅರ್ತ್. ಇದರ ಮೇಲೆ ಮೂವತ್ತು ವರ್ಷದಲ್ಲಿ ಕೈ ಹಾಕಿದ ಎಲೆಕ್ಟ್ರಿಷಿಯನ್ನರು ಅಂಗಡಿಯಲ್ಲಿ ಸಿಕ್ಕ ಬಣ್ಣದ ವೈರು ಎಳೆದಿರುತ್ತಾರೆ. ಟೆಸ್ಟ್ ಲ್ಯಾಂಪ್ ಹೇಳಿದ್ದನ್ನೇ ನಂಬಿ.

ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಿಗ್ಗೆ ಇಳಿದಿರುತ್ತದೆ ಅನ್ನುವವರು ಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಬದಲಿಸಿ, ಮೈನಸ್ ಕ್ಲ್ಯಾಂಪ್ ಬಿಚ್ಚಿ, ಕಂಬಕ್ಕೂ ಕ್ಲ್ಯಾಂಪಿಗೂ ಮಧ್ಯೆ ಸೇರಿಸಿ. ಕೀ ಆಫ್, ಬಾಗಿಲುಗಳು ಮುಚ್ಚಿರಲಿ. ಈ ಸ್ಥಿತಿಯಲ್ಲಿ ಕೀ ಆನ್ ಮಾಡಬಾರದು, ಸೆಲ್ಫ್ ಅಂತೂ ಹೊಡೆಯಲೇಬಾರದು. ಕಂಪ್ಯೂಟರ್ ಇಲ್ಲದ ಗಾಡಿಯಲ್ಲಿ 20, 30 ಮಿಲಿಆಂಪಿಯರಿಗಿಂತ ಹೆಚ್ಚು ಕಂಡರೆ ಕಾರಣ ಬೇಕು. ಲೆಕ್ಕ ಹಾಕಿ: 300 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 7 ಆಂಪಿಯರ್ ಅವರ್ ಹೋಯಿತು, 35 ಆಂಪಿಯರ್ ಅವರಿನ ಬ್ಯಾಟರಿ ಮೂರೇ ದಿನದಲ್ಲಿ ಅರ್ಧಕ್ಕಿಂತ ಕೆಳಗೆ. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಹೋಗಿ, ಅಂಕಿ ಇಳಿದಾಗ ಸರ್ಕ್ಯೂಟ್ ಸಿಕ್ಕಿತು. ಯಾವ ಫ್ಯೂಸಿಗೂ ಇಳಿಯದಿದ್ದರೆ ಆಲ್ಟರ್ನೇಟರಿನ ದಪ್ಪ ವೈರು ಉಳಿಯಿತು. ಸೋರುವ ಡಯೋಡ್ ಫ್ಯೂಸ್ ಪೆಟ್ಟಿಗೆಯಲ್ಲಿ ಕಾಣುವುದಿಲ್ಲ. ಆ ವೈರು ಬಿಚ್ಚುವ ಮೊದಲು ಮೀಟರನ್ನೂ ತೆಗೆದು ಬ್ಯಾಟರಿ ಪೂರ್ತಿ ಬೇರೆ ಮಾಡಿ. ಆದರೆ ಹೆಚ್ಚಾಗಿ ತಪ್ಪಿತಸ್ಥ ಹೊರಗಿಂದ ತಂದು ಹಾಕಿದ ಸ್ಟೀರಿಯೋ. ಅದರ ಹಳದಿ ವೈರು ನೆನಪಿಗಾಗಿ ಸದಾ ಬ್ಯಾಟರಿಗೆ, ಕೆಂಪು ವೈರು ಕೀ ಮೂಲಕ. ಅವಸರದಲ್ಲಿ ಎರಡನ್ನೂ ತಿರುಚಿ ನೇರ ಬ್ಯಾಟರಿ ಫೀಡಿಗೆ ಕೊಟ್ಟಿರುತ್ತಾರೆ.

ತಿರುಚಿ ಟೇಪ್ ಸುತ್ತಿದ ಜಾಯಿಂಟಿಗೆ ಬಾನೆಟ್ಟಿನೊಳಗೆ ಆಯುಷ್ಯ ಇಲ್ಲ. ಬಿಸಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಮಳೆಗಾಲದಲ್ಲಿ ನೀರು ಹೊಕ್ಕು ಹಸಿರು ಕಿಲುಬು ಪಿವಿಸಿಯ ಒಳಗೆ ಗೇಣುದ್ದ ಹತ್ತುತ್ತದೆ. ಅಂಥ ವೈರನ್ನು ಹೊಳೆಯುವ ತಾಮ್ರ ಕಾಣುವವರೆಗೂ ಕತ್ತರಿಸಿ ಹಿಂದೆ ಹೋಗಿ, ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಒಳ್ಳೆಯ ಕ್ರಿಂಪ್ ಅಥವಾ ಬೆಸುಗೆ, ಮೇಲೆ ಹೀಟ್ ಶ್ರಿಂಕ್ ಕೊಳವೆ. ಬೆಸುಗೆಯ ಪಕ್ಕದಲ್ಲಿ ವೈರು ಗಡುಸಾಗಿ ಅದುರುವಾಗ ಮುರಿಯುತ್ತದೆ, ಹಾಗಾಗಿ ಜಾಯಿಂಟನ್ನು ಹಾರ್ನೆಸ್ಸಿಗೆ ಕಟ್ಟಿ ನಿಲ್ಲಿಸಿ.

ಉಡುಪಿ, ಮಂಗಳೂರು, ಕಾರವಾರದ ಕಡೆ ಗಾಡಿ ಇಟ್ಟವರು ಜೂನ್ ಬರುವ ಮೊದಲು ಅರ್ತ್ ಪಾಯಿಂಟುಗಳನ್ನೆಲ್ಲ ಒಂದು ಸಲ ಬಿಚ್ಚಬೇಕು. ಉಪ್ಪುಗಾಳಿ ಅವನ್ನು ಬಿಡುವುದಿಲ್ಲ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಟರ್ಮಿನಲಿನ ಬಿಳಿ ಬೂಷ್ಟಿಗೆ ಅಡುಗೆ ಸೋಡಾ ಕಲಸಿದ ಬಿಸಿನೀರು ಸಾಕು, ಅದು ಸೆಲ್ಲಿನ ಒಳಗೆ ಮಾತ್ರ ಬೀಳಬಾರದು. ಲಗ್ಗು ಕೂರುವ ಜಾಗದ ಬಣ್ಣ, ತುಕ್ಕು ಎರಡೂ ಹೋಗಿ ಬೆಳ್ಳಗಿನ ಲೋಹ ಕಾಣುವವರೆಗೆ ಉಜ್ಜಿ, ಬೋಲ್ಟು ಬಿಗಿ ಮಾಡಿ, ಪೆಟ್ರೋಲಿಯಂ ಜೆಲ್ಲಿ ಮೇಲಿಂದ ಹಚ್ಚಿ. ಕೊನೆಗೆ ಮೈನಸ್ ಜೋಡಿಸಿ, ಸೆಲ್ಫ್ ಹೊಡೆಯುತ್ತಾ ಅದೇ ಡ್ರಾಪನ್ನು ಮತ್ತೆ ಅಳೆದು, ಅಂಕಿಯನ್ನು ಚೀಟಿಯಲ್ಲಿ ಬರೆದು ಗಾಡಿಯಲ್ಲೇ ಇಡಿ. ಮುಂದಿನ ವರ್ಷ ಅದೇ ಜಾಗದಲ್ಲಿ ಅಳೆದಾಗ ಹೋಲಿಸಲು ಬೇಕಾಗುತ್ತದೆ.